ಗದ್ದಕ್ಕೆ ಕಟ್ಟಿದ ಬಟ್ಟೆ

ಮೇಷ್ಟ್ರು: ಕುಂಬ್ಳೆ ಅಂದರೆ ನಮ್ಮ ಜನಕ್ಕೆ ಎರಡು ಚಿತ್ರ ಕಣ್ಣ ಮುಂದೆ ಬರುತ್ತವೆ, ಡಾಕ್ಟ್ರೇ. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತದ್ದು ಒಂದು. ಇನ್ನೊಂದು 2002ರ ಮೇ ತಿಂಗಳು ಆಂಟಿಗಾದಲ್ಲಿ ನೆತ್ತಿಯಿಂದ ಗದ್ದದ ತನಕ ಬಟ್ಟೆ ಬಿಗಿದುಕೊಂಡು ಮೈದಾನಕ್ಕೆ ಇಳಿದದ್ದು. ವೆಸ್ಟ್ ಇಂಡೀಸ್‌ನ ಮರ್ವಿನ್ ಡಿಲನ್ ಚೆಂಡಿಗೆ ದವಡೆ ಮುರಿದಿತ್ತು, ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹೊರಡಬೇಕಿತ್ತು. ಅಂಥದ್ದರಲ್ಲಿ 14 ಓವರ್ ಹಾಕಿ ಲಾರಾನನ್ನು ಎಲ್‌ಬಿಡಬ್ಲ್ಯೂ ಮಾಡಿದರು. ಧೈರ್ಯ ಅಂದರೇನು ಅಂತ ಮಕ್ಕಳಿಗೆ ಹೇಳಿಕೊಡೋಕೆ ಇದಕ್ಕಿಂತ ಪಾಠ ಬೇಕಾ? ನೀವು ನೋಡಿದರೆ ಮುಖಕ್ಕೆ ಜಾಲರಿ, ಹಲ್ಲಿಗೆ ಗಾರ್ಡು, ಎಲ್ಲಕ್ಕೂ ನಿಯಮ ಅಂತ ಹೊರಟಿದ್ದೀರಿ.

ಡಾಕ್ಟರು: ಆ ಧೈರ್ಯಕ್ಕೆ ನನ್ನದೂ ಒಂದು ನಮಸ್ಕಾರ ಇರಲಿ, ಮೇಷ್ಟ್ರೇ. ನನ್ನ ತಕರಾರು ಕುಂಬ್ಳೆಯವರ ಮೇಲಲ್ಲ, ನಾವು ಆ ಕತೆ ಹೇಳುವ ರೀತಿಯ ಮೇಲೆ. ಕತೆ ಶುರುವಾಗುವುದೇ ಬಟ್ಟೆ ಕಟ್ಟಿಕೊಂಡ ಮೇಲೆ. ದವಡೆ ಯಾಕೆ ಮುರಿಯಿತು, ಮುರಿಯದಂತೆ ಏನು ಮಾಡಬಹುದಿತ್ತು ಎಂದು ಕೇಳಿದವರನ್ನು ನಾನು ಕಾಣೆ. ಅದಕ್ಕೂ 25 ವರ್ಷ ಹಿಂದೆ, 1977ರ ಮಾರ್ಚಿನಲ್ಲಿ, ಮೆಲ್ಬರ್ನಿನ ಶತಮಾನೋತ್ಸವದ ಟೆಸ್ಟಿನಲ್ಲಿ ಬಾಬ್ ವಿಲ್ಲಿಸ್ ಚೆಂಡಿಗೆ ಆಸ್ಟ್ರೇಲಿಯದ ರಿಕ್ ಮೆಕಾಸ್ಕರ್ ದವಡೆ ಮುರಿದಿತ್ತು. ಅವರೂ ಹೀಗೇ ಬಟ್ಟೆ ಸುತ್ತಿಕೊಂಡು ಎರಡನೇ ಇನ್ನಿಂಗ್ಸಿನಲ್ಲಿ ಆಡಿ, ಲಿಲ್ಲಿ ಜೊತೆ 54 ರನ್ ಸೇರಿಸಿದರು. ಅವರ ಊರಿನವರಿಗೂ ಅದು ಶೌರ್ಯದ ಕತೆಯೇ. ಈಗ ಇದರ ಪಕ್ಕದಲ್ಲಿ ಭಾರತದ ನಾಯಕರಾಗಿದ್ದ ನಾರಿ ಕಾಂಟ್ರಾಕ್ಟರ್ ಅವರನ್ನು ಇಟ್ಟು ನೋಡಿ. 1962ರಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಚೆಂಡು ಅವರ ಬುರುಡೆಗೇ ಬಿತ್ತು. ಜೀವ ಉಳಿದದ್ದೇ ಹೆಚ್ಚು, ಮತ್ತೆ ಟೆಸ್ಟ್ ಆಡಲಿಲ್ಲ. ಅದನ್ನು ಯಾರೂ ಶೌರ್ಯ ಎನ್ನಲಿಲ್ಲ, ದುರಂತ ಎಂದರು. ತಲೆಗೆ ಬಿದ್ದರೆ ದುರಂತ, ಮುಖಕ್ಕೆ ಬಿದ್ದರೆ ಶೌರ್ಯ. ಈ ಲೆಕ್ಕ ಸರಿಯಿಲ್ಲ. ಆಟ ನಡೆಸುವವರು ಸಾವನ್ನು ಎಣಿಸಿ ನಿಯಮ ಮಾಡಿದ್ದಾರೆ, ಮುಖ ಆ ಎಣಿಕೆಗೆ ಬರಲೇ ಇಲ್ಲ. ಅದನ್ನು ಆಟಗಾರನ ಇಷ್ಟಕ್ಕೆ ಬಿಟ್ಟುಬಿಟ್ಟರು. ಇಷ್ಟಕ್ಕೆ ಬಿಟ್ಟ ಕಡೆಯಲ್ಲೆಲ್ಲ ಹಲ್ಲೂ ಕಣ್ಣೂ ಹೋಗುತ್ತ ಬಂದವು, ನಿಯಮ ಬಂದ ಕಡೆ ಉಳಿದವು. ನಾನು ಹೇಳಬೇಕಾದ್ದು ಇಷ್ಟೇ.

ಮೇಷ್ಟ್ರು: ಎಣಿಕೆಗೆ ಬಾರದ್ದಕ್ಕೂ ಕಾರಣ ಇದೆಯಲ್ಲ. ಮುರಿದ ದವಡೆ ಕೂಡುತ್ತದೆ, ಸೀಳಿದ ತುಟಿಗೆ ನಾಲ್ಕು ಹೊಲಿಗೆ ಹಾಕಿದರೆ ಆಯಿತು. ಮಿದುಳು ಹಾಗಲ್ಲ. ಸಾವಿನ ಅಪಾಯಕ್ಕೂ ಮೂಗಿನ ಗಾಯಕ್ಕೂ ಒಂದೇ ತೂಕ ಹಾಕಿ ಅಂದರೆ ಯಾರು ಕೇಳುತ್ತಾರೆ?

ಡಾಕ್ಟರು: ಒಂದೇ ತೂಕ ಬೇಡ, ತಕ್ಕಡಿಯಲ್ಲಿ ಇಟ್ಟರೆ ಸಾಕು. ರೆನೆ ಲ ಫೋರ್ ಎಂಬ ಫ್ರೆಂಚ್ ಶಸ್ತ್ರವೈದ್ಯ 1901ರಲ್ಲಿ ಶವಗಳ ಮುಖಕ್ಕೆ ಬೇರೆ ಬೇರೆ ಕಡೆಯಿಂದ ಪೆಟ್ಟು ಹಾಕಿ, ಮೂಳೆ ಎಲ್ಲೆಲ್ಲಿ ಸೀಳುತ್ತದೆ ಎಂದು ಬರೆದಿಟ್ಟ. ಕೇಳಲು ಕ್ರೂರ, ಆದರೆ ಮುಖದ ಮುರಿತಕ್ಕೆ ಇವತ್ತಿಗೂ ನಾವು ಅವನ ಹೆಸರಿನಲ್ಲೇ ಒಂದು, ಎರಡು, ಮೂರು ಎಂದು ಅಂಕಿ ಹಾಕುತ್ತೇವೆ. ಅವನು ಕಂಡ ಸಂಗತಿಗಳಲ್ಲಿ ಒಂದು ನಮ್ಮ ವಾದಕ್ಕೆ ಬೇಕಾದದ್ದು: ಮುಖ ಪುಡಿಯಾಗಿದ್ದರೂ ಎಷ್ಟೋ ಸಲ ಬುರುಡೆ ಹಾಗೇ ಉಳಿದಿತ್ತು. ತೆಳು ಮೂಳೆ, ಒಳಗೆ ಗಾಳಿ ತುಂಬಿದ ಗೂಡುಗಳು. ಪೆಟ್ಟಿನ ಬಲವನ್ನು ಮುಖ ತಾನೇ ಮುರಿದು ನುಂಗಿಕೊಳ್ಳುತ್ತದೆ, ಕಾರಿನ ಮುಂಭಾಗ ನುಗ್ಗಾಗಿ ಒಳಗಿದ್ದವರನ್ನು ಉಳಿಸುವ ಹಾಗೆ. ಮಿದುಳನ್ನು ಕಾಯಲು ಮುರಿದ ಮುಖಕ್ಕೆ, ಸಾವೇನೂ ಆಗಲಿಲ್ಲವಲ್ಲ ಎಂಬ ಸಮಾಧಾನದಲ್ಲಿ, ಲೆಕ್ಕದ ಪುಸ್ತಕದಲ್ಲಿ ಜಾಗವೇ ಇಲ್ಲ. ಕೂಡುತ್ತದೆ ಎಂದಿರಿ. ಮೂಳೆ ಕೂಡುತ್ತದೆ, ಒಪ್ಪಿದೆ. ಬೇರು ಸಮೇತ ಹೋದ ಹಲ್ಲು ಮತ್ತೆ ಹುಟ್ಟುವುದಿಲ್ಲ. ಕೆನ್ನೆಮೂಳೆಯ ಕೆಳಗೆ ಹಾದುಹೋಗುವ ನರ ಜಜ್ಜಿದರೆ ಮೇಲ್ದುಟಿ ಜೋಮು ಹಿಡಿದು ಕೆಲವರಿಗೆ ಹಾಗೇ ಉಳಿದುಬಿಡುತ್ತದೆ. ಕಣ್ಣಿನ ಮಾತಂತೂ ಹೇಳುವುದೇ ಬೇಡ. ವಿಕೆಟ್ ಕೀಪರ್ ಸಬಾ ಕರೀಂ 2000ದಲ್ಲಿ ಢಾಕಾದಲ್ಲಿ ಕಣ್ಣಿಗೆ ಪೆಟ್ಟು ತಿಂದದ್ದು ನಮ್ಮ ಇದೇ ಕುಂಬ್ಳೆ ಬೌಲಿಂಗಿನಲ್ಲಿ. ದಕ್ಷಿಣ ಆಫ್ರಿಕದ ಮಾರ್ಕ್ ಬೌಚರ್‌ಗೆ 2012ರಲ್ಲಿ ಟಾಂಟನ್‌ನಲ್ಲಿ ತಗುಲಿದ್ದು ಚೆಂಡು ಕೂಡ ಅಲ್ಲ, ಸ್ಟಂಪಿನಿಂದ ಹಾರಿದ ಒಂದು ಬೇಲ್. ಬೌಚರ್ ಆಟ ಅಲ್ಲಿಗೇ ಮುಗಿಯಿತು, ಕರೀಂ ಆಟವೂ ಹೆಚ್ಚು ಕಾಲ ನಡೆಯಲಿಲ್ಲ. ಇಬ್ಬರೂ ವೇಗದ ಬೌಲರನ್ನು ಎದುರಿಸುತ್ತಿರಲಿಲ್ಲ, ಸ್ಪಿನ್ನರ್‌ಗೆ ವಿಕೆಟ್ ಹಿಂದೆ ಹತ್ತಿರ ನಿಂತಿದ್ದರು.

ಕಣ್ಣಿಗೆ ಬೀಳುವ ಪೆಟ್ಟಿನಲ್ಲಿ ವೇಗದಷ್ಟೇ ಗಾತ್ರವೂ ಮುಖ್ಯ. ಕಣ್ಣುಗೂಡಿನ ಬಾಯಿ ಸುಮಾರು 4 ಸೆಂಟಿಮೀಟರ್ ಅಗಲ, ಎತ್ತರ ಅದಕ್ಕಿಂತ ಸ್ವಲ್ಪ ಕಡಿಮೆ. ಕ್ರಿಕೆಟ್ ಚೆಂಡು 7 ಸೆಂಟಿಮೀಟರಿಗೂ ಹೆಚ್ಚು. ಹಾಗಾಗಿ ಅದರ ಪೆಟ್ಟಿನ ಬಹುಪಾಲು ಸುತ್ತಲಿನ ಮೂಳೆಗೆ ಬೀಳುತ್ತದೆ. ಸ್ಕ್ವಾಷ್ ಚೆಂಡು ಸರಿಯಾಗಿ ಗೂಡಿನ ಅಳತೆಯದ್ದು. ಷಟಲ್ ಕಾಕಿನ ಬೆಂಡು ಇನ್ನೂ ಚಿಕ್ಕದು, ಮೂಳೆಯನ್ನು ಮುಟ್ಟದೆ ನೇರ ಕಣ್ಣುಗುಡ್ಡೆಗೇ ಹೋಗುತ್ತದೆ. ಬೆಂಗಳೂರಿನ ಬಡಾವಣೆಗೊಂದರಂತೆ ಷಟಲ್ ಕೋರ್ಟು ಎದ್ದಿದೆ, ಅದನ್ನು ಅಪಾಯದ ಆಟ ಎಂದು ಯಾರೂ ಎಣಿಸಿಲ್ಲ. ಡಬಲ್ಸ್‌ನಲ್ಲಿ ನೆಟ್ ಹತ್ತಿರ ನಿಂತವರು, ಹಿಂದಿರುವ ಜೊತೆಗಾರ ಹೇಗೆ ಹೊಡೆಯುತ್ತಾನೆಂದು ತಿರುಗಿ ನೋಡಿದ ಗಳಿಗೆ ಸಾಕು. ಅಂದಹಾಗೆ ಮಾಮೂಲಿ ಕನ್ನಡಕ ಹಾಕಿದ್ದರೆ ರಕ್ಷಣೆ ಆಯಿತು ಎಂದುಕೊಳ್ಳಬೇಡಿ. ಅದು ಒಡೆದರೆ ಚೂರುಗಳು ಕಣ್ಣಿಗೇ. ಆಟಕ್ಕೆಂದೇ ಮಾಡಿದ ಪಾಲಿಕಾರ್ಬೊನೇಟ್ ಕನ್ನಡಕವೇ ಬೇಕು. ಇನ್ನೊಂದು ಸ್ವಾರಸ್ಯ ಕೇಳಿ. ಕಣ್ಣಿಗೆ ಬಿದ್ದ ಪೆಟ್ಟು ಗೂಡಿನ ತಳದ ಕಾಗದದಂಥ ಮೂಳೆಯನ್ನು ಹೇಗೆ ಒಡೆಯುತ್ತದೆ ಎಂದು ತೋರಿಸಲು 1957ರಲ್ಲಿ ಸ್ಮಿತ್ ಮತ್ತು ರೀಗನ್ ಎಂಬ ಅಮೆರಿಕದ ವೈದ್ಯರು ಶವದ ಕಣ್ಣಿನ ಮೇಲೆ ಒಂದು ಚೆಂಡಿಟ್ಟು ಸುತ್ತಿಗೆಯಲ್ಲಿ ಹೊಡೆದು ನೋಡಿದರು. ಅದು ಐರ್ಲೆಂಡಿನ ಹರ್ಲಿಂಗ್ ಆಟದ ಚೆಂಡು. ಆ ಆಟದಲ್ಲಿ ಮುಖದ ಜಾಲರಿಯಿರುವ ಹೆಲ್ಮೆಟ್ ಎಲ್ಲ ಆಟಗಾರರಿಗೂ ಕಡ್ಡಾಯವಾದದ್ದು 2010ರಲ್ಲಿ. ಚೆಂಡು ಕಣ್ಣುಗೂಡನ್ನು ಏನು ಮಾಡುತ್ತದೆಂದು ಪ್ರಯೋಗದಲ್ಲೇ ಗೊತ್ತಾದ ಮೇಲೂ 53 ವರ್ಷ ಬೇಕಾಯಿತು.

ಮೇಷ್ಟ್ರು: ಹೆಲ್ಮೆಟ್ ಹಾಕಿದವರಿಗೆ ಏನೂ ಆಗುವುದಿಲ್ಲ ಅನ್ನೋ ಹಾಗೆ ಮಾತಾಡ್ತೀರಲ್ಲ. ದ್ರಾವಿಡ್ ವಿಷಯ ಮರೆತಿರಾ? 2010ರಲ್ಲಿ ಮೀರ್‌ಪುರದಲ್ಲಿ 111 ರನ್ ಹೊಡೆದು ಆಡುತ್ತಿದ್ದಾಗ ಶಹಾದತ್ ಹುಸೇನ್ ಬೌನ್ಸರ್ ಬಿತ್ತು. ತಲೆ ಮೇಲೆ ಹೆಲ್ಮೆಟ್ ಇತ್ತು, ಆದರೂ ಕೆನ್ನೆಮೂಳೆ ಮುರಿಯಿತು. ಇಂಗ್ಲೆಂಡಿನ ಸ್ಟುವರ್ಟ್ ಬ್ರಾಡ್‌ಗೆ 2014ರಲ್ಲಿ ನಮ್ಮ ವರುಣ್ ಆರನ್ ಚೆಂಡು ಜಾಲರಿ ಸಂದಿಯಿಂದಲೇ ನುಗ್ಗಿ ಮೂಗು ಒಡೆಯಿತು. ಮುಖ ಕಾಯದ ಕವಚಕ್ಕೆ ನಿಯಮ ಬೇರೆ ಕೇಡು.

ಡಾಕ್ಟರು: ನೀವು ಕೊಟ್ಟ ಉದಾಹರಣೆ ನನ್ನ ಪಕ್ಷಕ್ಕೇ ಸಾಕ್ಷಿ ಹೇಳುತ್ತದೆ. ಆ ಹೆಲ್ಮೆಟ್ಟುಗಳು ಹುಟ್ಟಿದ್ದು ಬುರುಡೆ ಕಾಯಲಿಕ್ಕೆ. 1977ರ ಕೊನೆಗೆ ಆಸ್ಟ್ರೇಲಿಯದಲ್ಲಿ ಕೆರಿ ಪ್ಯಾಕರ್ ನಡೆಸಿದ ಖಾಸಗಿ ಪಂದ್ಯಗಳಲ್ಲಿ ಆಂಡಿ ರಾಬರ್ಟ್ಸ್ ಚೆಂಡಿಗೆ ಡೇವಿಡ್ ಹುಕ್ಸ್ ದವಡೆ ಮುರಿದ ಮೇಲೆ ಬ್ಯಾಟ್ಸ್‌ಮನ್ನರು ಹೆದರಿ ಸಿಕ್ಕ ಸಿಕ್ಕ ಟೊಪ್ಪಿಗೆ ಹುಡುಕಿದರು. ಡೆನಿಸ್ ಏಮಿಸ್ ಹಾಕಿಕೊಂಡದ್ದು ಮೋಟಾರ್ ಸೈಕಲ್ ಹೆಲ್ಮೆಟ್ಟಿನ ಮಾದರಿಯದ್ದು. 1978ರಲ್ಲಿ ಟೆಸ್ಟಿಗೆ ಮೊದಲ ಸಲ ಹೆಲ್ಮೆಟ್ ತಂದ ಗ್ರಹಾಂ ಯಾಲಪ್‌ಗೆ ಬ್ರಿಜ್‌ಟೌನ್ ಜನ ಗೇಲಿ ಮಾಡಿದರು. ಜಾಲರಿ ಆಮೇಲೆ ಸೇರಿಕೊಂಡಿತು. ಆದರೆ ಚೆಂಡು ಟೊಪ್ಪಿಗೆಯ ಅಂಚಿಗೂ ಜಾಲರಿಗೂ ನಡುವಿನ ಸಂದಿಯಲ್ಲಿ ನುಗ್ಗುತ್ತದೆಯೇ ಎಂದು ಚೆಂಡನ್ನೇ ಹಾರಿಸಿ ನೋಡುವ ಪರೀಕ್ಷೆ ಬ್ರಿಟನ್ನಿನ ಮಾನದಂಡಕ್ಕೆ ಸೇರಿದ್ದು 2013ರ ಆವೃತ್ತಿಯಲ್ಲಿ. ಬ್ರಾಡ್ ಮೂಗು ಒಡೆಯುವ ಹಿಂದಿನ ತಿಂಗಳು, ಜುಲೈನಲ್ಲಿ, ಕ್ರೇಗ್ ಕೀಸ್‌ವೆಟರ್ ಎಂಬ ಇನ್ನೊಬ್ಬ ಇಂಗ್ಲೆಂಡ್ ಆಟಗಾರನಿಗೂ ಕೌಂಟಿ ಪಂದ್ಯದಲ್ಲಿ ಚೆಂಡು ಹೀಗೇ ಜಾಲರಿ ದಾಟಿ ಕಣ್ಣಿಗೆ ಬಡಿಯಿತು. ಮರುವರ್ಷ ನಿವೃತ್ತಿ, ಆಗ ವಯಸ್ಸು 27. ಮಾನದಂಡ ಪುಸ್ತಕದಲ್ಲಿತ್ತು, ಅದನ್ನೇ ಹಾಕಬೇಕೆಂಬ ನಿಯಮ ಇರಲಿಲ್ಲ. ಹೆಲ್ಮೆಟ್ ಹಾಕುವುದಾದರೆ ಈ ಮಾನದಂಡದ್ದನ್ನೇ ಹಾಕಿ ಎಂದು ಐಸಿಸಿ ಹೇಳಿದ್ದು 2017ರಲ್ಲಿ. ಹಾಕಲೇಬೇಕು ಎಂದದ್ದು 2023ರ ಜೂನ್ 1ರಿಂದ, ವೇಗದ ಬೌಲರನ್ನು ಎದುರಿಸುವವರಿಗೆ, ಸ್ಟಂಪಿಗೆ ಅಂಟಿ ನಿಲ್ಲುವ ಕೀಪರಿಗೆ, ಬ್ಯಾಟಿನ ಮುಂದೆ ಹತ್ತಿರ ನಿಲ್ಲುವ ಫೀಲ್ಡರಿಗೆ. ಕಾಂಟ್ರಾಕ್ಟರ್ ತಲೆ ಒಡೆದು 61 ವರ್ಷವಾಗಿತ್ತು.

ವಾಹನದ ಮೋಜಿನಲ್ಲೂ ಕತೆ ಬೇರೆಯಲ್ಲ. ಭಾನುವಾರ ಬೆಳಗ್ಗೆ ನಂದಿಬೆಟ್ಟದ ಕಡೆ ಸೈಕಲ್ ತುಳಿಯುವವರೆಲ್ಲ ಒಳ್ಳೆಯ ಹೆಲ್ಮೆಟ್ ಹಾಕಿರುತ್ತಾರೆ. ಅಮೆರಿಕದ ಸಿಯಾಟಲ್‌ನ ಸಂಶೋಧಕರು ಸೈಕಲ್ ಹೆಲ್ಮೆಟ್ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ತಲೆಯ ಗಾಯ ಶೇ. 63ರಿಂದ 88ರಷ್ಟು, ಹಣೆಯಿಂದ ಮೇಲ್ದವಡೆಯ ತನಕದ ಗಾಯ ಶೇ. 65ರಷ್ಟು ಕಡಿಮೆ ಕಂಡಿತು. ಕೆಳದವಡೆಗೆ ಮಾತ್ರ ಲಾಭ ಕಾಣಲಿಲ್ಲ. ಕಾಣುವುದು ಹೇಗೆ? ಇಳಿಜಾರಿನಲ್ಲಿ ಮುಂದಿನ ಬ್ರೇಕು ಹಿಡಿದು ಹ್ಯಾಂಡಲ್ ಮೇಲಿಂದ ಹಾರಿದವನು ಊರುವುದೇ ಗದ್ದ, ಆ ಹೆಲ್ಮೆಟ್ಟಿಗೆ ಗದ್ದವೇ ಇಲ್ಲ. ಕೊಡಗು, ಚಿಕ್ಕಮಗಳೂರಿನ ರೆಸಾರ್ಟುಗಳಲ್ಲಿ ದಪ್ಪ ಟೈರಿನ ನಾಲ್ಕು ಚಕ್ರದ ಎಟಿವಿ ಬಂದಿದೆ. ನೋಡಲು ಆಟದ ಸಾಮಾನು, ತೂಕ ಎರಡು ಮೂರು ಕ್ವಿಂಟಲ್, ಭಾರವೆಲ್ಲ ಎತ್ತರದಲ್ಲಿ. ದಿಬ್ಬದಲ್ಲಿ ಮಗುಚಿದರೆ ಹ್ಯಾಂಡಲ್ ಬಂದು ಬಾಯಿಗೆ ಬಡಿಯುತ್ತದೆ. ಇದರ ಮೂರು ಚಕ್ರದ ಅಣ್ಣನ ಮಾರಾಟವನ್ನು ಅಮೆರಿಕದಲ್ಲಿ 1988ರಲ್ಲೇ ನಿಲ್ಲಿಸಲಾಯಿತು. 16 ತುಂಬದ ಮಕ್ಕಳನ್ನು ನಾಲ್ಕು ಚಕ್ರದ್ದಕ್ಕೂ ಹತ್ತಿಸಬೇಡಿ ಎಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತ ಬಂದಿದೆ. ಇಲ್ಲಿ ಹತ್ತು ವರ್ಷದ ಮಗುವಿಗೆ ಗದ್ದ ಮುಚ್ಚದ ಹೆಲ್ಮೆಟ್ ಇಟ್ಟು ಫೋಟೊ ತೆಗೆದರೆ ಕಾಳಜಿ ವಹಿಸಿದಂತೆ ಆಯಿತೇ? ಗದ್ದ ಮುಚ್ಚುವ ಹೆಲ್ಮೆಟ್ ಮೋಟಾರ್ ಸೈಕಲ್ಲಿಗೆ ಎಂದೋ ಬಂದಿದೆ. ಹೊಸದಾಗಿ ಕಂಡುಹಿಡಿಯಬೇಕಾದ್ದು ಏನೂ ಇಲ್ಲ.

ಮೇಷ್ಟ್ರು: ಇರಲಿ, ವಸ್ತು ಒಳ್ಳೆಯದೇ ಅನ್ನೋಣ. ಹಾಗಿದ್ದರೆ ತಿಳಿಸಿ ಹೇಳಿ, ಬೇಕಾದವನು ಹಾಕಿಕೊಳ್ಳುತ್ತಾನೆ. ಬೆಳೆದ ಮನುಷ್ಯನಿಗೆ ತನ್ನ ಮೂಗಿನ ಮೇಲೆ ತನಗೆ ಹಕ್ಕಿಲ್ಲವೇ? ಎಲ್ಲಕ್ಕೂ ಕಡ್ಡಾಯ ಅನ್ನೋದು ನನಗೆ ಒಗ್ಗದು.

ಡಾಕ್ಟರು: ತಿಳಿಸಿ ಹೇಳಿ ನೋಡಿದ್ದಾರೆ. ಕೆನಡಾದ ಐಸ್ ಹಾಕಿಯಲ್ಲಿ ಟಾಮ್ ಪ್ಯಾಷ್‌ಬಿ ಎಂಬ ಟೊರಾಂಟೊದ ಕಣ್ಣಿನ ವೈದ್ಯರು ಒಂದೊಂದು ಕಣ್ಣಿನ ಗಾಯವನ್ನೂ ಬರೆದಿಡುತ್ತ ಹೋದರು. 1974-75ರ ಒಂದೇ ಹಂಗಾಮಿನಲ್ಲಿ 43 ಕಣ್ಣು ಕುರುಡಾಗಿದ್ದವು, ಹೆಚ್ಚಿನವು ಹುಡುಗರವು. ಮೂರನೇ ದರ್ಜೆಯ ಗುಮಾಸ್ತನ ಕೆಲಸದಂತೆ ಕಾಣುವ ಈ ಎಣಿಕೆಯೇ ಅಲ್ಲಿ ನಿಯಮ ತಂದಿತು. ಮಕ್ಕಳ ಆಟಕ್ಕೆ ಪ್ರಮಾಣೀಕೃತ ಮುಖಕವಚ ಕಡ್ಡಾಯವಾಯಿತು. ಪೂರ್ಣ ಮುಖಕವಚವನ್ನು ಸರಿಯಾಗಿ ಹಾಕಿದವರಲ್ಲಿ ಕಣ್ಣು ಹೋದ ಪ್ರಕರಣ ಅವರ ದಾಖಲೆಗೆ ಸೇರಲಿಲ್ಲ. ಕೆನಡಾ ಮತ್ತು ಅಮೆರಿಕದ ತಂಡಗಳು ಆಡುವ ವೃತ್ತಿಪರ ಲೀಗ್, ಎನ್‌ಎಚ್‌ಎಲ್, ನಿಮ್ಮಂತೆಯೇ ಹಕ್ಕಿನ ಮಾತಾಡಿತು. ಹುಡುಗನಾಗಿದ್ದಾಗ ಮುಖಕವಚದಲ್ಲಿ ಆಡಿ ಬೆಳೆದವರೇ ದೊಡ್ಡ ಲೀಗಿಗೆ ಬಂದ ದಿನ ಅದನ್ನು ಕಿತ್ತಿಟ್ಟರು, ಯಾಕೆಂದರೆ ಅಲ್ಲಿ ಬರಿಮುಖವೇ ಗಂಡಸುತನದ ಗುರುತು. 2000ದಲ್ಲಿ ಎದುರಾಳಿಯ ಕೋಲು ತಗುಲಿ ಬ್ರಯನ್ ಬೆರಾರ್ಡ್ ಬಲಗಣ್ಣಿನ ದೃಷ್ಟಿ ಬಹುಪಾಲು ಹೋಯಿತು. ಆಗಲೂ ನಿಯಮ ಬರಲಿಲ್ಲ. 2013ರಲ್ಲಿ ಮಾರ್ಕ್ ಸ್ಟಾಲ್ ಕಣ್ಣಿಗೆ ಪಕ್ ಎಂಬ ಆಟದ ಬಿಲ್ಲೆ ಬಡಿದ ಮೇಲೆ, ಅರ್ಧ ಮುಖ ಮುಚ್ಚುವ ಪಾರದರ್ಶಕ ಕವಚ ಹೊಸದಾಗಿ ಬರುವವರಿಗೆ ಕಡ್ಡಾಯ, ಹಳಬರಿಗೆ ಅವರವರ ಇಷ್ಟ ಎಂದರು. ಆಟಗಾರನ ಸ್ವಂತ ಇಚ್ಛೆ ಎನ್ನುತ್ತೀರಲ್ಲ, ಅದು ಅಷ್ಟು ಸ್ವಂತದ್ದಲ್ಲ. ಪಕ್ಕದವನು ಹಾಕದಿದ್ದಾಗ ತಾನೊಬ್ಬ ಹಾಕಿದರೆ ಪುಕ್ಕಲ ಎಂಬ ಹೆಸರು. ನಿಯಮ ಬಂದರೆ ಹಾಕಿಕೊಳ್ಳುವವನಿಗೆ ನಾಚಿಕೆಯಿಂದ ಬಿಡುಗಡೆ.

ಹಲ್ಲಿನ ಲೆಕ್ಕ ನ್ಯೂಜಿಲೆಂಡ್ ಕೊಟ್ಟಿದೆ. ಅಲ್ಲಿ ಅಪಘಾತದ ಗಾಯಕ್ಕೆ ಸರ್ಕಾರಿ ವಿಮೆ ಹಣ ಕೊಡುವುದರಿಂದ ಪ್ರತಿ ಹಲ್ಲಿಗೂ ಒಂದು ಅರ್ಜಿ, ಪ್ರತಿ ಅರ್ಜಿಗೂ ದಾಖಲೆ. ರಗ್ಬಿಯಲ್ಲಿ ಮೌತ್‌ಗಾರ್ಡ್ ಕಡ್ಡಾಯ ಮಾಡಿದರು. 1993ರಲ್ಲಿ ಶೇ. 67ರಷ್ಟು ಆಟಗಾರರು ಹಾಕುತ್ತಿದ್ದದ್ದು 2003ಕ್ಕೆ ಶೇ. 93 ಆಯಿತು. 1995ರಿಂದ 2003ರ ನಡುವೆ ರಗ್ಬಿಯ ಹಲ್ಲಿನ ಅರ್ಜಿಗಳು ಶೇ. 43ರಷ್ಟು ಇಳಿದವು. ಇಷ್ಟಕ್ಕೂ ಅದೊಂದು ರಬ್ಬರಿನಂಥ ತುಂಡು.

ಮೇಷ್ಟ್ರು: ಕವಚ ಸಿಕ್ಕಿತು ಅಂತ ಹುಡುಗರು ಗೂಳಿ ಹಾಗೆ ನುಗ್ಗಿದರೆ? ಮುಖ ಉಳಿಸಲು ಹೋಗಿ ಕತ್ತು ಮುರಿಸಿಕೊಂಡರೆ ಯಾರು ಹೊಣೆ?

ಡಾಕ್ಟರು: ಇದು ಗಟ್ಟಿ ಆಕ್ಷೇಪ, ತೇಲಿಸಿಬಿಡುವಂಥದ್ದಲ್ಲ. ಅಮೆರಿಕನ್ ಫುಟ್‌ಬಾಲಿನಲ್ಲಿ ಹೀಗೇ ಆಯಿತು. ಗಟ್ಟಿ ಹೆಲ್ಮೆಟ್ಟು, ಮುಖದ ಮುಂದೆ ಸರಳು ಬಂದ ಮೇಲೆ ಆಟಗಾರರು ತಲೆಯನ್ನೇ ಈಟಿ ಮಾಡಿಕೊಂಡು ಎದುರಾಳಿಗೆ ಗುಮ್ಮಲು ಕಲಿತರು. ಕತ್ತಿನ ಮೂಳೆ ಮುರಿದು ಕೈಕಾಲು ಶಾಶ್ವತವಾಗಿ ಸ್ವಾಧೀನ ತಪ್ಪಿದವರು 1976ರಲ್ಲಿ 34 ಮಂದಿ. ಆ ವರ್ಷ ತಲೆಯಲ್ಲಿ ಗುಮ್ಮುವುದನ್ನೇ ನಿಷೇಧಿಸಿದರು. ಮುಂದಿನ ವರ್ಷ ಆ ಸಂಖ್ಯೆ 18ಕ್ಕೆ, 1984ರ ಹೊತ್ತಿಗೆ 5ಕ್ಕೆ ಇಳಿಯಿತು. ಹೆಲ್ಮೆಟ್ಟನ್ನೂ ಸರಳನ್ನೂ ಯಾರೂ ತೆಗೆಯಲಿಲ್ಲ, ಆಟದ ರೀತಿಯನ್ನು ತಿದ್ದಿದರು. ಕವಚದ ಜೊತೆಗೇ ಅಂಪೈರ್ ಸೀಟಿಯೂ ಬೇಕು ಎಂದು ನೀವು ಹೇಳಿದರೆ ನನ್ನ ಒಪ್ಪಿಗೆ ಇದೆ. ಐಸ್ ಹಾಕಿಯಲ್ಲೂ ಇದೇ ಅನುಮಾನ ಇತ್ತು. ಕೆನಡಾದ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಪೂರ್ತಿ ಮುಖ ಮುಚ್ಚಿದವರನ್ನೂ ಅರ್ಧ ಮುಚ್ಚಿದವರನ್ನೂ ಹೋಲಿಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಅರ್ಧ ಮುಚ್ಚಿದವರಲ್ಲಿ ಮುಖ ಸೀಳುವುದು ಎರಡು ಪಟ್ಟಿಗೂ ಹೆಚ್ಚು, ಹಲ್ಲಿನ ಗಾಯ ಸುಮಾರು ಹತ್ತು ಪಟ್ಟು. ಕತ್ತಿನ ಗಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಮೇಷ್ಟ್ರು: ಜಾಲರಿ ಹಿಂದಿನಿಂದ ಚೆಂಡು ಕಾಣೋಲ್ಲ ಅಂತಾರಲ್ಲ?

ಡಾಕ್ಟರು: ಅದನ್ನು 1959ರಲ್ಲೇ ಜಾಕ್ ಪ್ಲಾಂಟ್ ಇತ್ಯರ್ಥ ಮಾಡಿದ್ದಾನೆ. ಮಾಂಟ್ರಿಯಲ್ ಐಸ್ ಹಾಕಿ ತಂಡದ ಗೋಲ್‌ಕೀಪರ್. ನವೆಂಬರ್ 1ರ ಪಂದ್ಯದಲ್ಲಿ ಪಕ್ ಬಡಿದು ಮುಖ ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದವನು, ಮುಖವಾಡ ಇಲ್ಲದೆ ಇಳಿಯುವುದಿಲ್ಲ ಎಂದು ಕೂತ. ಕೋಚ್‌ಗೆ ಸುತರಾಂ ಇಷ್ಟವಿಲ್ಲ, ಆದರೆ ಬೇರೆ ಗೋಲ್‌ಕೀಪರ್ ಇರಲಿಲ್ಲ. ಆ ಹಂಗಾಮಿನ ಎನ್‌ಎಚ್‌ಎಲ್ ಪ್ರಶಸ್ತಿ, ಸ್ಟಾನ್ಲಿ ಕಪ್, ಅದೇ ತಂಡಕ್ಕೆ ಹೋಯಿತು.

ಮೇಷ್ಟ್ರು: ಅವೆಲ್ಲ ದುಡ್ಡಿರುವ ದೇಶದ ಮಾತು. ನಮ್ಮಲ್ಲಿ ಒಂದು ಬ್ಯಾಟನ್ನು ಹನ್ನೊಂದು ಹುಡುಗರು ಹಂಚಿಕೊಳ್ಳುತ್ತಾರೆ. ಕಡ್ಡಾಯ ಅಂದರೆ ಬಡವರ ಮಕ್ಕಳು ಆಟವನ್ನೇ ಬಿಡಬೇಕಾಗುತ್ತದೆ.

ಡಾಕ್ಟರು: ನನ್ನ ವಾದಕ್ಕೆ ಬೇಲಿ ಬೇಕಾದದ್ದು ಇಲ್ಲೇ. ಓಣಿಯಲ್ಲಿ ಟೆನಿಸ್ ಚೆಂಡಿನಲ್ಲಿ ಆಡುವ ಹುಡುಗರಿಗೆ ಯಾವ ಹೆಲ್ಮೆಟ್ಟೂ ಬೇಡ, ಯಾವ ನಿಯಮವೂ ಬೇಡ. ನಾನು ಹೇಳುತ್ತಿರುವುದು ತೊಗಲಿನ ಚೆಂಡು, ಹಾಕಿ ಕೋಲು ಹಿಡಿಸಿ, ಟೂರ್ನಿಮೆಂಟ್ ಎಂದು ಹೆಸರಿಟ್ಟು, ಶುಲ್ಕ ವಸೂಲಿ ಮಾಡಿ ಆಡಿಸುವ ಕಡೆಯದ್ದು. ಅಲ್ಲಿ ಕಪ್ಪಿಗೆ, ಪೆಂಡಾಲಿಗೆ, ಅತಿಥಿಗಳ ಹಾರಕ್ಕೆ ದುಡ್ಡು ಹುಟ್ಟುತ್ತದೆ. ಜಾಲರಿ ಹೆಲ್ಮೆಟ್ ಪಂದ್ಯಕ್ಕೆ ಮೂರು ಇದ್ದರೆ ನಡೆಯುತ್ತದೆ, ಕ್ರೀಸಿನಲ್ಲಿ ಇರುವವರು ಇಬ್ಬರು, ಕೀಪರ್ ಒಬ್ಬ. ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಹಲ್ಲಿನ ಅಚ್ಚು ಮೂಡಿಸಿಕೊಳ್ಳುವ ಮೌತ್‌ಗಾರ್ಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ದಂತವೈದ್ಯರು ಅಳತೆ ತೆಗೆದು ಮಾಡಿದ್ದು ಇನ್ನೂ ಚೆನ್ನ, ಬೆಲೆಯೂ ಜಾಸ್ತಿ. ಒಂದು ಹಲ್ಲು ಕಟ್ಟಿಸುವ ಖರ್ಚಿನ ಮುಂದೆ ಎರಡೂ ಅಗ್ಗವೇ. ಕೊಡಗಿನಲ್ಲಿ 1997ರಿಂದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುತ್ತ ಬಂದಿದೆ. ನೂರಾರು ಮನೆತನಗಳ ತಂಡ, ತಾತನೂ ಮೊಮ್ಮಗಳೂ ಒಂದೇ ಮೈದಾನದಲ್ಲಿ. ಪೆನಾಲ್ಟಿ ಕಾರ್ನರ್ ತಡೆಯುವವರು ಮುಖವಾಡ ಹಾಕಲು ಅಂತರರಾಷ್ಟ್ರೀಯ ಹಾಕಿ ನಿಯಮವೇ ಅವಕಾಶ ಕೊಟ್ಟಿದೆ. ಅಂಥ ಹಬ್ಬದಲ್ಲಿ, ಮೌತ್‌ಗಾರ್ಡ್ ಇಲ್ಲದ ಮಕ್ಕಳು ಇಳಿಯುವಂತಿಲ್ಲ ಎಂಬ ಒಂದು ಸಾಲನ್ನು ಹಿರಿಯರು ಸೇರಿಸಿದರೆ, ಯಾವ ಸರ್ಕಾರದ ಆದೇಶಕ್ಕಿಂತಲೂ ಬೇಗ ಊರೂರಿಗೆ ತಲುಪುತ್ತದೆ. ಎನ್‌ಎಚ್‌ಎಲ್ ಮಾಡಿದ ಹಾಗೆ ಹಳಬರನ್ನು ಅವರ ಪಾಡಿಗೆ ಬಿಡಿ, ಹನ್ನೆರಡರ ಹುಡುಗನಿಂದ ಶುರು ಮಾಡಿ.

ಮೇಷ್ಟ್ರು: ನಿಯಮ ಬರುವಾಗ ಬರಲಿ. ಅಲ್ಲಿಯವರೆಗೆ ನಮ್ಮಂಥ ಪಿ.ಟಿ. ಮೇಷ್ಟ್ರುಗಳು ಮಾಡಬಹುದಾದ್ದು ಏನಾದರೂ ಇದ್ದರೆ ಹೇಳಿ.

ಡಾಕ್ಟರು: ಹಲ್ಲು ಬೇರು ಸಮೇತ ಬಿದ್ದರೆ ಮಣ್ಣಿನಲ್ಲಿ ಹುಡುಕಿಸಿ. ಹಿಡಿಯುವುದು ಬಿಳಿಯ ಭಾಗದಲ್ಲಿ, ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಕೊಳೆಯಿದ್ದರೆ ಕ್ಷಣ ಹೊತ್ತು ನೀರಿನಲ್ಲಿ ಆಡಿಸಿ ಹಲ್ಲು ಇದ್ದ ಗುಳಿಗೇ ಕೂರಿಸಿ, ಬಟ್ಟೆ ಕಚ್ಚಿಸಿ ದಂತವೈದ್ಯರ ಹತ್ತಿರ ಕರೆದೊಯ್ಯಿರಿ. ಕೂರಿಸಲು ಧೈರ್ಯ ಬಾರದಿದ್ದರೆ ಹಾಲಿನಲ್ಲಿ ಹಾಕಿ, ನೀರಿನಲ್ಲಿ ಇಡಬೇಡಿ. ಇದು ಶಾಶ್ವತ ಹಲ್ಲಿಗೆ ಮಾತ್ರ, ಹಾಲುಹಲ್ಲನ್ನು ಮತ್ತೆ ಕೂರಿಸಬಾರದು. ಬೇರಿನ ಮೇಲಿನ ಜೀವಕೋಶಗಳು ಹೊರಗೆ ಒಣಗುತ್ತ ಹೋಗುತ್ತವೆ, ಒಂದು ಗಂಟೆ ಒಣಗಿದರೆ ಆಮೇಲೆ ಕೂರಿಸಿಯೂ ಹೆಚ್ಚಿನ ಫಲವಿಲ್ಲ. ಕ್ಷೀರಭಾಗ್ಯ ಯೋಜನೆಯ ಹಾಲು ಶಾಲೆಯಲ್ಲೇ ಇರುತ್ತದೆ. ಬಿಸಿ ಆರಿರಲಿ, ಸಕ್ಕರೆ ಹಾಕಿರಬಾರದು.